ಮಗ್ಗಿಯ ಪೆಟ್ಟು

ಸುರಪುರದ ನಮ್ಮ ಸಾಲಿಯಲ್ಲಿ ಮಗ್ಗಿ ತಪ್ಪಿದವರಿಗೆ ಮಾಸ್ತರು ಹೊಡೆಯುತ್ತಿರಲಿಲ್ಲ. ಸರಿ ಹೇಳಿದವರೇ ಹೊಡೆಯಬೇಕಾಗಿತ್ತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬರನ್ನು ಕೇಳುವುದು, ಅವರಿಗೆ ಬಾರದಿದ್ದರೆ ಪಕ್ಕದವರನ್ನು, ಅವರಿಗೂ ಬಾರದಿದ್ದರೆ ಅವರ ಪಕ್ಕದವರನ್ನು. ಕೊನೆಗೆ ಯಾರು ಉತ್ತರ ಕೊಡುತ್ತಾರೋ ಅವರು ಸಾಲಿನುದ್ದಕ್ಕೂ ಬಂದು, ತಪ್ಪಿದ ಒಬ್ಬೊಬ್ಬರ ಮೂಗನ್ನೂ ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೆನ್ನೆಗೊಂದು ಬಿಡಬೇಕು. ಮೆಲ್ಲಗೆ ಹೊಡೆದರೆ, ಹೊಡೆತ ಹೇಗಿರಬೇಕೆಂದು ಮಾಸ್ತರು ಹೊಡೆದವರ ಕೆನ್ನೆಯ ಮೇಲೇ ತೋರಿಸಿಕೊಡುತ್ತಿದ್ದರು. ಹಾಗಾಗಿ ಯಾರೂ ಮೆಲ್ಲಗೆ ಹೊಡೆಯುತ್ತಿರಲಿಲ್ಲ. ನನಗಂತೂ ಆ ಮನಸ್ಸೇ ಇರಲಿಲ್ಲ. ಹುಡುಗರ ಮೂಗು ಹಿಡಿಯುವ ಭಾಗ್ಯ ಕಂಬಳಿ ನೇಯುವವನ ಮಗಳಿಗೆ ಬೇರೆಲ್ಲಿ ಸಿಕ್ಕೀತು?

ಆಗ ನಿಜಾಮರ ರಾಜ್ಯ, ಸಾಲಿಯ ಓದೆಲ್ಲ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ, ಸಾಲಿಯ ಹೊಸ್ತಿಲು ದಾಟಿದರೆ ಉರ್ದು. ಬೆಳಿಗ್ಗೆ ಮಾಸ್ತರು ಒಂದೊಂದೇ ಶಬ್ದ ಹೇಳಿ ಬರೆಸುತ್ತಿದ್ದರು. ಅದಕ್ಕೆ ಇಮ್ಲಾ ಎನ್ನುತ್ತಿದ್ದೆವು. ಪಾಟಿಯ ಬಲಗಡೆಯಿಂದ ಶುರುಮಾಡಿ ಎಡಕ್ಕೆ ಬರೆಯುತ್ತಾ ಹೋಗುವುದು. ಸಂಜೆ ಮನೆಗೆ ಬಿಡುವ ಮುಂಚೆ ಮಗ್ಗಿ. "ಸಾತ್ ಅಟ್ಠೆ ಛಪ್ಪನ್" ಎಂದು ನಾವು ಒದರುತ್ತಿದ್ದರೆ ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಮೂರನೇ ಜಮಾತಿಗೆ, ಅಂದರೆ ತರಗತಿಗೆ, ಬರುವ ಹೊತ್ತಿಗೆ ನನ್ನಷ್ಟು ಚುರುಕಾಗಿ ಲೆಕ್ಕ ಹೇಳುವವರು ಇಡೀ ಸಾಲಿಯಲ್ಲಿ ಇರಲಿಲ್ಲ. ಜಂಬ ಅಂದುಕೊಂಡರೂ ಸರಿಯೆ, ಇದ್ದದ್ದನ್ನು ಹೇಳುತ್ತಿದ್ದೇನೆ.

ಆಮೇಲೆ ನಿಜಾಮರ ರಾಜ್ಯ ಹೋಯಿತು. ಸಾಲಿ ಕನ್ನಡದ್ದಾಯಿತು. ದೊಡ್ಡವರು ಸಂಭ್ರಮಪಟ್ಟರು. ಮನೆಮಾತಿನ ಸಾಲಿ ಬಂದರೆ ಯಾರಿಗೆ ಬೇಡ? ಆದರೆ ಅರ್ಧ ದಾರಿ ನಡೆದುಬಂದ ನಮ್ಮಂಥವರು ಏನಾಗಬೇಕೆಂದು ಯಾರೂ ಯೋಚಿಸಿರಲಿಲ್ಲ. ಎಲ್ಲ ಜಮಾತಿನವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಅ ಆ ಇ ಈ ಯಿಂದ ಶುರುಮಾಡಿದರು. ಅದೇ ವರ್ಷ ಸಾಲಿಗೆ ಸೇರಿದ ನನ್ನ ತಂಗಿ, ಇನ್ನೂ ಮೂಗೊರೆಸಲು ಬಾರದವಳು, ನನ್ನ ಜೊತೆಗೇ ಅಕ್ಷರ ತಿದ್ದತೊಡಗಿದಳು.

ಮಾಸ್ತರು ಅವರೇ ಉಳಿದರು. ಮನೆಯಲ್ಲಿ ದಖನಿ ಉರ್ದು ಆಡುವ ಮುಸಲ್ಮಾನರು. ಬಾಯಿಮಾತಿನ ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತಿತ್ತು, ಓದುವಾಗ ಮಾತ್ರ ಅಕ್ಷರದ ಕೆಳಗೆ ಬೆರಳಿಟ್ಟು ತಡವರಿಸುತ್ತಿದ್ದರು. ಆದರೂ ಕನ್ನಡದ ಮಗ್ಗಿಯನ್ನು ತಾವು ಮೊದಲು ಬಾಯಿಪಾಠ ಮಾಡಿ ನಮ್ಮಿಂದ ಹೇಳಿಸಿದರು. ಗುಂಪಿನಲ್ಲಿ ರಾಗವಾಗಿ ಹೇಳುವಾಗ ನನಗೂ ಬರುತ್ತಿತ್ತು. ನಡುವಿನದೊಂದನ್ನು ಕಿತ್ತು ಕೇಳಿದರೆ ಮುಗಿಯಿತು. ಉತ್ತರ ಮೊದಲು ಉರ್ದುವಿನಲ್ಲಿ ಬಂದು ನಿಲ್ಲುತ್ತಿತ್ತು. ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಪ್ರಶ್ನೆ ಪಕ್ಕದವರಿಗೆ ಹೋಗಿರುತ್ತಿತ್ತು. ಇಮ್ಲಾ ಹೋಗಿ ಬಂದ ಶುದ್ಧಬರಹದಲ್ಲಿಯೂ ಅದೇ ಪಾಡು. ಕೈ ತಾನಾಗಿ ಪಾಟಿಯ ಬಲ ಅಂಚಿಗೆ ಹೋಗುತ್ತಿತ್ತು. ಒಂದು ಅಕ್ಷರ ಬರೆದ ಮೇಲೆ ಮುಂದಿನದಕ್ಕೆ ಜಾಗವೇ ಇರುತ್ತಿರಲಿಲ್ಲ. ಉಗುಳು ಹಚ್ಚಿ ಒರೆಸಿ ಎಡದಿಂದ ಶುರುಮಾಡುವಾಗ ಮಾಸ್ತರು ಮುಂದಿನ ಶಬ್ದಕ್ಕೆ ಹೋಗಿರುತ್ತಿದ್ದರು.

ತಂಗಿಗೆ ಈ ಯಾವ ಕಾಟವೂ ಇರಲಿಲ್ಲ. ಅರ್ಥ ತಿಳಿಯದಿದ್ದರೂ ಮಗ್ಗಿಯನ್ನೆಲ್ಲ ಗಿಳಿಯಂತೆ ಒಪ್ಪಿಸುತ್ತಿದ್ದಳು. ಮಾಸ್ತರು ನಮ್ಮಿಬ್ಬರನ್ನೂ ಒಂದೇ ಸಾಲಿನಲ್ಲಿ ಎಂದೂ ನಿಲ್ಲಿಸುತ್ತಿರಲಿಲ್ಲ.

ವರ್ಷದ ಕೊನೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಯಾರು ಯಾವ ತರಗತಿಗೆ ಎಂದು ಗೊತ್ತುಮಾಡುತ್ತಾರೆಂದು ಸುದ್ದಿ ಬಂತು. ಗೆದ್ದರೆ ನಾನು ನಾಲ್ಕನೆಯದಕ್ಕೆ, ತಂಗಿ ಎರಡನೆಯದಕ್ಕೆ. ಸೋತವರು ಮತ್ತೆ ಒಂದನೆಯದಕ್ಕೆ. ನಮ್ಮ ಮನೆಯಲ್ಲಿ ಉಣ್ಣೆ ನೂಲಲು ಅವ್ವನ ಜೊತೆ ಇನ್ನೊಂದು ಕೈ ಬೇಕೇ ಬೇಕಾಗಿತ್ತು. ಕೆಂಭಾವಿ ಸಂತೆಗೆ ಕಂಬಳಿ ಕಟ್ಟುತ್ತಾ ಅಪ್ಪ ತೀರ್ಮಾನ ಹೇಳಿದ. ಮುಂದಿನ ತರಗತಿಗೆ ಹೋದವರು ಓದಲಿ, ನಿಂತವರು ಕದಿರು ಹಿಡಿಯಲಿ. ಇಬ್ಬರೂ ಪಾಸಾದರೆ ಇಬ್ಬರೂ ಓದಲಿ, ಹೇಗೋ ನೋಡಿಕೊಳ್ಳೋಣ ಎಂದೂ ಅಂದ. ಅಪ್ಪ ಕೆಟ್ಟವನಲ್ಲ. ಆ ಕಾಲಕ್ಕೆ ಹೆಣ್ಣುಮಕ್ಕಳನ್ನು ಸಾಲಿಗೆ ಕಳಿಸಿದವರು ನಮ್ಮ ಕೇರಿಯಲ್ಲಿ ಬೇರೆ ಯಾರಿದ್ದರು?

ಸಾಹೇಬರು ಶಹಾಪುರದ ಸಾಲಿಗಳನ್ನು ಮುಗಿಸಿಕೊಂಡು ಬಂದರು. ಮೊದಲು ದೊಡ್ಡವರಿಗೆ ಶುದ್ಧಬರಹ. ನನ್ನ ಕೈ ಬಲಕ್ಕೆ ಹೋಯಿತು, ಒರೆಸಿದೆ, ಮತ್ತೆ ಬಲಕ್ಕೇ ಹೋಯಿತು. ಸಾಹೇಬರು ಪಾಟಿ ನೋಡಿ ಮುಂದೆ ಹೋದರು. ಆಮೇಲೆ ಎಲ್ಲರಿಗೂ ಮಗ್ಗಿ. ದಿನವೂ ಹೇಗೆ ನಡೆಯುತ್ತದೋ ಹಾಗೆಯೇ ನಡೆಯಲಿ ಎಂದು ಮಾಸ್ತರಿಗೆ ಹೇಳಿ, ನಮ್ಮನ್ನು ಮಾತ್ರ ತಾವೇ ಎತ್ತರದ ಪ್ರಕಾರ ನಿಲ್ಲಿಸಿದರು. ನಾನು ಒಂದು ತುದಿಗೆ, ತಂಗಿ ಇನ್ನೊಂದು ತುದಿಗೆ. ಮಾಸ್ತರು ಅಡ್ಡ ಬರಲು ಒಂದು ಹೆಜ್ಜೆ ಇಟ್ಟು ಹಿಂದೆ ಸರಿದರು.

"ಏಳೆಂಟ್ಲೆ?" ಎಂದು ಸಾಹೇಬರು ನನ್ನನ್ನೇ ಮೊದಲು ಕೇಳಿದರು.

ಛಪ್ಪನ್. ಕಣ್ಣು ಮಿಟುಕಿಸುವಷ್ಟರಲ್ಲಿ ತಲೆಯಲ್ಲಿ ಬಂದಿತ್ತು. ಬಾಯಿಗೆ ಕನ್ನಡ ಬರಲಿಲ್ಲ. ಪ್ರಶ್ನೆ ನನ್ನನ್ನು ದಾಟಿತು, ಹುಡುಗರನ್ನು ದಾಟಿತು, ತಂಗಿಯ ಹತ್ತಿರ ಹೋಯಿತು. ಐವತ್ತಾರು ಎಂದಳು, ಸರಾಗವಾಗಿ.

ಪದ್ಧತಿಯ ಪ್ರಕಾರ ಹೊರಟಳು. ಹುಡುಗರು ಬಗ್ಗಿದರು, ಒಬ್ಬೊಬ್ಬರಿಗೂ ಸದ್ದು ಬರುವಂತೆ ಕೊಟ್ಟಳು. ನನ್ನ ಮುಂದೆ ಬಂದು ನಿಂತುಬಿಟ್ಟಳು. ನಾನು ಬಗ್ಗಿ ಮುಖ ಕೊಟ್ಟೆ. ಹೊಡಿ ಎಂದು ಪಿಸುಗುಟ್ಟಿದೆ. ಅವಳು ಮೂಗು ಹಿಡಿದಳು. ಕೆನ್ನೆಯ ಮೇಲೆ ಕೈ ಇಟ್ಟಳು, ಅಷ್ಟೇ. ಸಾಹೇಬರು ನಕ್ಕು, ಹೊಡೆತ ಹೇಗಿರಬೇಕೆಂದು ತೋರಿಸಿ ಅಂದರು. ಮಾಸ್ತರು ಬಂದು ಕೈ ಎತ್ತಿದರು, ತಂಗಿಯನ್ನೂ ನನ್ನನ್ನೂ ನೋಡಿ ಕೈ ಇಳಿಸಿದರು. ಸಣ್ಣಾಕಿ ಅದಾಳ, ಬಿಡ್ರಿ ಅಂದರು.

ಮುಂದಿನ ಪ್ರಶ್ನೆ ಆರೇಳ್ಲೆ ಎಷ್ಟು ಎಂದು. ನನಗೆ ಬಯಾಲೀಸ್ ಗೊತ್ತಿತ್ತು, ಬೇರೇನೂ ಗೊತ್ತಿರಲಿಲ್ಲ. ಪ್ರಶ್ನೆ ಮತ್ತೆ ಸಾಲಿನುದ್ದಕ್ಕೂ ಹೋಗಿ ತಂಗಿಗೆ ಮುಟ್ಟಿತು. ಅವಳು ನನ್ನ ಕಡೆ ನೋಡಿದಳು. ತುಟಿ ಒಂದರ ಮೇಲೊಂದು ಒತ್ತಿ ಹಿಡಿದು ತಲೆ ತಗ್ಗಿಸಿದಳು. ನನಗೆ ಮೈಯೆಲ್ಲ ಉರಿಯಿತು. ಹೇಳು ಎಂದು ಕಣ್ಣಲ್ಲೇ ಗದರಿಸಿದೆ, ಅವಳು ತಲೆ ಎತ್ತಿದರೆ ತಾನೆ? ಆಮೇಲೆ ಕೇಳಿದ ಯಾವ ಪ್ರಶ್ನೆಗೂ ಅವಳು ಬಾಯಿ ಬಿಡಲಿಲ್ಲ. ಮೊದಲನೆಯದು ಏನೋ ಗಾಳಿಗೆ ಬಂದದ್ದು ಎಂದು ಸಾಹೇಬರು ತಿಳಿದುಕೊಂಡರು. ಅಕ್ಕ ತಂಗಿ ಇಬ್ಬರೂ ಒಂದನೆಯ ತರಗತಿ ಎಂದು ಬರೆಸಿ ಹೋದರು.

ಮನೆಗೆ ಬಂದಾಗ ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ನಾನು ಅಳಲಿಲ್ಲ. ನನ್ನದು ಮುಗಿಯಿತೆಂದು ಗೊತ್ತಿತ್ತು, ಅವಳದಾದರೂ ಉಳಿಯಲಿ ಎಂದು ನಡೆದದ್ದನ್ನೆಲ್ಲ ಹೇಳಿದೆ. ಇವಳಿಗೆ ಎಲ್ಲ ಬರುತ್ತದೆ, ಬೇಕಂತಲೇ ಬಾಯಿ ಮುಚ್ಚಿಕೊಂಡಳು, ಮಾಸ್ತರನ್ನು ಕೇಳು, ಸಾಹೇಬರಿಗೆ ಹೇಳಿಸು ಅಂದೆ. ಅಪ್ಪ ಅವಳನ್ನು ಕರೆದು ಹೇಳಿಸಿದ. ಏಳರ ಮಗ್ಗಿಯನ್ನು ಉಸಿರು ಬಿಡದೆ ಹೇಳಿ ಮುಗಿಸಿದಳು.

"ಮತ್ತ ಸಾಲ್ಯಾಗ ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ಅಕ್ಕಗ ಹೊಡೀಬೇಕಾಗ್ತಿತ್ತು."

ಅಪ್ಪ ಲಾಳಿ ಕೆಳಗಿಟ್ಟ. ಈಗ ಕಳಿಸುತ್ತೇನೆ ಅನ್ನುತ್ತಾನೆ ಎಂದುಕೊಂಡೆ.

"ಒಡಹುಟ್ಟಿದಾಕಿಗಿ ಹೊಡದು ಕಲಿಯೂ ವಿದ್ಯಾ ನಮ್ಮ ಮನಿಗಿ ಬ್ಯಾಡ," ಅಂದ. "ಇಬ್ರೂ ಹೋಗಬ್ಯಾಡ್ರಿ."

ಆ ಮಾತು ಕೇರಿಯಲ್ಲೆಲ್ಲ ಹಬ್ಬಿತು. ಎಂಥ ಮಾತಾಡಿದ, ಎಂಥ ಮಕ್ಕಳನ್ನು ಹೆತ್ತ ಎಂದು ಜನ ಹೊಗಳಿದರು. ಕಟ್ಟೆಯ ಮೇಲೆ ಕೂತವರು ಅದನ್ನೇ ತಿರುಗಿ ತಿರುಗಿ ಹೇಳಿದರು. ಕೆಲವು ದಿನದ ಮೇಲೆ ಮಾಸ್ತರು ಮನೆಗೆ ಬಂದರು. ಅಪ್ಪ ಕಂಬಳಿ ಹಾಸಿ ಕೂರಿಸಿದ. ಮೂಗು ಹಿಡಿಸುವುದನ್ನು ನಿಲ್ಲಿಸಿಬಿಟ್ಟಿದ್ದೇನೆ, ಸಣ್ಣವಳನ್ನಾದರೂ ಕಳಿಸಿ ಎಂದು ಅವರು ಕೇಳಿಕೊಂಡರು. ಅಪ್ಪ ನೆಲ ನೋಡುತ್ತಾ ಕೂತ. ಅವನಿಗೂ ಕಳಿಸುವ ಆಸೆ ಇತ್ತೆಂದು ನನಗೆ ಈಗ ಅನ್ನಿಸುತ್ತದೆ. ಆದರೆ ಊರೆಲ್ಲ ಹೊಗಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? "ಆಡಿದ್ದು ಆಡಿದಂಗ ಆಯ್ತ್ರಿ ಮಾಸ್ತರ್ರ," ಅಂದ. ಅವರು ಚಹಾ ಕುಡಿಯದೆ ಎದ್ದುಹೋದರು.

ನಾನು ಕನ್ನಡ ಓದುಬರಹ ಕಲಿತದ್ದು ಮದುವೆಯಾದ ಮೇಲೆ, ಯಾದಗಿರಿಯಲ್ಲಿ, ನನ್ನ ಮಕ್ಕಳ ಪುಸ್ತಕ ಹಿಡಿದು. ತಂಗಿಯನ್ನು ಕೊಟ್ಟದ್ದು ಕುರಿಯ ಹಿಂದೆ ಊರೂರು ತಿರುಗುವ ಮನೆಗೆ, ಅವಳಿಗೆ ಆ ಪುರಸೊತ್ತೂ ಸಿಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅವಳು ಆ ತುತ್ತನ್ನು ನನಗಾಗಿ ಕೆಳಗಿಟ್ಟಳು, ನನಗೂ ಅದು ದಕ್ಕಲಿಲ್ಲ. ಈಗಲೂ ಬಂಧುಬಳಗ ಸೇರಿದಾಗ ಯಾರಾದರೂ ಅಪ್ಪನ ಮಾತು ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುತ್ತದೆ, ಎದ್ದು ಒಳಗೆ ಹೋಗುತ್ತೇನೆ. ಅವತ್ತು ಅವಳು ನನಗೆ ಗಟ್ಟಿಯಾಗಿ ಒಂದು ಹೊಡೆದಿದ್ದರೆ ನಾನು ಬರೆದ ಇದನ್ನು ತಾನೇ ಓದುತ್ತಿದ್ದಳು. ಈಗ ಇದನ್ನೂ ನಾನೇ ಓದಿ ಹೇಳಬೇಕು.