ಬದಲಿಯವರು ಬರುವ ತನಕ

ಅಪ್ಪ ವಾಡಿ ಜಂಕ್ಷನ್ನಿನ ಕ್ಯಾಬಿನ್ನಿನಲ್ಲಿ ಲಿವರ್ ಎಳೆಯುತ್ತಿದ್ದರು. ಯಾವ ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ತಿರುಗಿಸುವ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಪಾಟಿಚೀಲ ತಬ್ಬಿಕೊಂಡು ಕ್ಯಾಬಿನ್ ಮೆಟ್ಟಿಲ ಕೆಳಗೆ ಕೂತು ಅವರಿಗಾಗಿ ಕಾಯುತ್ತಿದ್ದೆ. ಡ್ಯೂಟಿ ಮುಗಿದರೂ ಅಪ್ಪ ಇಳಿಯುತ್ತಿರಲಿಲ್ಲ. "ಬದಲಿ ಮನಷ್ಯಾ ಬಂದಿಲ್ಲವ್ವ, ತಡಿ," ಎಂದು ಮೇಲಿನಿಂದಲೇ ಕೂಗುತ್ತಿದ್ದರು. ಬದಲಿಯವನು ಬಂದು ಬುಕ್ಕಿನಲ್ಲಿ ಸಹಿ ಹಾಕಿದರೆ ಸಾಲದು, "ಚಾರ್ಜ್ ತಗೊಂಡೆ" ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ಅಪ್ಪನ ಚಪ್ಪಲಿಯ ಸದ್ದು.

ದಾರಿಯಲ್ಲಿ ಮಿರ್ಚಿಭಜಿ ಕೊಡಿಸುತ್ತಿದ್ದರು. ದಾರಿಬದಿಯ ಗೋಡೆಗಳ ಮೇಲೆ ಕೂತ ಸಿಮೆಂಟ್ ಕಾರ್ಖಾನೆಯ ಧೂಳಿನಲ್ಲಿ ನಾನು ಬೆರಳಿಂದ ಗೀಚುತ್ತ ನಡೆಯುತ್ತಿದ್ದೆ. ಆ ಭಜಿಯ ರುಚಿ ಈಗ ಯಾವ ಬಂಡಿಯಲ್ಲೂ ಇಲ್ಲ. ಇದ್ದರೂ ನಾನು ಒಪ್ಪುವವಳಲ್ಲ.

ಅಪ್ಪನಿಗೆ ಮರೆವಿನ ಕಾಯಿಲೆ ಬಂದು ಮೂರು ವರ್ಷವಾಯಿತು. ಅವರು ನನ್ನ ಮನೆಯಲ್ಲೇ ಇದ್ದಾರೆ. ಸೇಡಂನಲ್ಲಿರುವ ತಮ್ಮ ಎರಡು ಸಲ, "ಸ್ವಲ್ಪ ದಿನ ನಾ ನೋಡ್ಕೋತೀನಿ ಅಕ್ಕ," ಎಂದಿದ್ದ. "ನಿನಗೇನ್ ತಿಳೀತದ," ಎಂದು ನಾನೇ ಬಾಯಿ ಮುಚ್ಚಿಸಿದ್ದೆ. ನನ್ನಷ್ಟು ಚೆನ್ನಾಗಿ ಅಪ್ಪನನ್ನು ಯಾರು ನೋಡಿಯಾರು ಎಂಬ ಜಂಬ ನನಗೆ. ಆ ಜಂಬದಲ್ಲಿ ಬಂಧುಬಳಗದ ಮನೆಗೆ ಹೋಗುವುದು ಬಿಟ್ಟೆ, ನಿದ್ದೆ ಬಿಟ್ಟೆ, ನಲ್ಲಿ ತಿರುವಿ ಬಚ್ಚಲಲ್ಲಿ ಅಳುವುದನ್ನು ಕಲಿತೆ.

ಮೊನ್ನೆ ಒಂದು ಮಧ್ಯಾಹ್ನ ಅಪ್ಪ ಅಂಗಿಯ ಮೇಲೆ ಅಂಗಿ ತೊಟ್ಟು ಡ್ಯೂಟಿಗೆ ಹೊರಟರು. ಆ ದಿನ ಅದು ನಾಲ್ಕನೇ ಸಲ. ನನಗೆ ತಲೆ ಕೆಟ್ಟಿತು. ಕೂಗಾಡಿ ಅಂಗಿ ಹಿಡಿದೆಳೆದೆ. ಗುಂಡಿ ಕಿತ್ತು ಬಂದು ಫರಸಿಯ ನೆಲದ ಮೇಲೆ ಉರುಳಿತು. ಅಪ್ಪ ಬಗ್ಗಿ ಅದನ್ನು ಹುಡುಕಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ನನ್ನ ಮುಖವನ್ನೇ ನೋಡಿದರು.

"ಯಾವಾಗಿಂದ ಡ್ಯೂಟಿ ಮ್ಯಾಲ ಇದ್ದೀರಿ?"

ನನಗೆ ಎಂದೂ 'ರೀ' ಹಚ್ಚಿ ಮಾತಾಡಿದವರಲ್ಲ. ಗುರುತು ಸಿಕ್ಕಿಲ್ಲವೆಂದು ತಿಳಿಯಿತು.

"ಮೂರು ವರ್ಷ ಆತ್ರಿ," ಎಂದೆ, ಸಿಟ್ಟಿನಲ್ಲೇ.

"ಬದಲಿ ಬಂದಿಲ್ಲೇನ್ರಿ?"

"ನಾನೇ ಕರ್ದಿಲ್ಲ."

"ಭಾಳ ತಪ್ಪು ಮಾಡೀರಿ. ದಣಿದ ಕೈಲಿಂದ ಲಿವರ್ ಎಳೀಬಾರ್ದು. ಗಾಡ್ಯಾಗ ಮಂದಿ ಇರ್ತಾರ."

ಆ ಗುಂಡಿ ಹಿಡಿದುಕೊಂಡೇ ನಾನು ಅತ್ತೆ, ಈ ಸಲ ಬಚ್ಚಲಿಗೆ ಹೋಗದೆ. ಆಮೇಲೆ ತಮ್ಮನಿಗೆ ಫೋನ್ ಮಾಡಿದೆ. "ನನ್ನ ಕೈಲೆ ಆಗವಲ್ದು," ಎಂದು ಹೇಳಲು ನಾಲಿಗೆ ಏಳದೆ, ಅಪ್ಪನ ಅಂಗಿಯ ಗುಂಡಿ ಕಿತ್ತದ್ದನ್ನಷ್ಟೇ ಹೇಳಿದೆ. ಅವನೇ, "ನಾಳಿಗೆ ಬರ್ತೀನಿ," ಎಂದ.

ಮರುದಿನ ಬಂದ. ನಾನು ಚಿಂಚೋಳಿಯ ಗೆಳತಿಯ ಮನೆಗೆ ನಾಲ್ಕು ದಿನ ಹೋಗುವುದೆಂದಾಯಿತು. ಗುಳಿಗೆ ಯಾವುದು, ರೊಟ್ಟಿ ಹಾಲಿನಲ್ಲಿ ಎಷ್ಟು ಹೊತ್ತು ನೆನೆಯಬೇಕು, ಬಾಗಿಲ ಚಿಲಕ ಹೇಗೆ, ಎಲ್ಲ ಹೇಳಿದೆ. ತಮ್ಮ ತಲೆಯಾಡಿಸಿದ. ಮಂಚದ ಮೇಲಿಂದ ಅಪ್ಪ ಗದರಿಸಿದರು: "ತಲಿ ಆಡಿಸಿದ್ರ ನಡ್ಯಾಂಗಿಲ್ಲ. ಬಾಯಿಲೆ ಹೇಳ್ರಿ."

ಏನು ಹೇಳಬೇಕೆಂದು ನಾನು ತಮ್ಮನ ಕಿವಿಯಲ್ಲಿ ಹೇಳಿದೆ.

"ಚಾರ್ಜ್ ತಗೊಂಡೆ," ಎಂದ ತಮ್ಮ.

ಅಪ್ಪ ನನ್ನತ್ತ ತಿರುಗಿದರು. "ಇನ್ನ ನೀವು ಇಳೀರಿ. ನಿಮಗೂ ಯಾರರ ಕಾಯ್ತಿರ್ತಾರ. ನನ್ನ ಮಗಳೂ ಕೆಳಗ ಕುಂತು ಕಾಯ್ಲಿಕತ್ತಾಳ. ಸಣ್ಣಕ್ಕಿ ಅದಾಳ, ಭಾಳ ಹೊತ್ತು ಕಾಯಿಸಬಾರ್ದು."

ನಾನು ಮನೆಯ ಮೆಟ್ಟಿಲಿಳಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಚೀಲ ತಬ್ಬಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ.