ವೀರಣ್ಣನ ಎರಡನೆಯ ಶೀಶೆ

ಅಣ್ಣಾಸಾಹೇಬರ ಮಗ ವೀರಣ್ಣ ಬೇಸ್‌ಬಾಲ್ ಆಡಿಯೇ ಬದುಕುತ್ತೇನೆಂದಾಗ ಸ್ಯಾನ್ ಡಿಯೇಗೊದ ರಾಂಚೊ ಬರ್ನಾರ್ಡೊ ಬಡಾವಣೆಯ ಕನ್ನಡದ ಮನೆಗಳಲ್ಲಿ ಯಾರೂ ನಂಬಲಿಲ್ಲ. ಆದರೆ 2001ರಲ್ಲಿ, ಲಾಂಗ್ ಬೀಚ್‌ನ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, ವೃತ್ತಿಪರ ತಂಡವೊಂದು ಅವನನ್ನು ಆರಿಸಿಕೊಂಡಿತು. ಓಟದಲ್ಲಿ ಅವನು ನಿಧಾನ, ಕ್ಯಾಚ್ ಹಿಡಿಯುವುದರಲ್ಲಿ ಸಾಧಾರಣ. ಬ್ಯಾಟಿಗೆ ಸರಿಯಾಗಿ ಸಿಕ್ಕರೆ ಮಾತ್ರ ಚೆಂಡು ಬೇಲಿ ದಾಟಿ ಪಾರ್ಕಿಂಗ್ ಲಾಟಿನಲ್ಲಿ ಬೀಳುತ್ತಿತ್ತು.

ಆರು ವರ್ಷ ಸಣ್ಣ ಊರುಗಳ ಕೆಳದರ್ಜೆಯ ತಂಡಗಳಲ್ಲಿ ಆಡಿದ. 2007ರಲ್ಲಿ ದೊಡ್ಡ ತಂಡಕ್ಕೆ ಕರೆ ಬಂತು. ಸ್ಯಾನ್ ಡಿಯೇಗೊದಲ್ಲಿ ಅಪ್ಪ ಅವ್ವನ ಎದುರೇ ಚೆಂಡನ್ನು ಬೇಲಿಯಾಚೆ ಕಳಿಸಿ ಎರಡು ಹೋಂರನ್ ಹೊಡೆದ. ಅವನ ಅವ್ವ ಗುರುಶಾಂತವ್ವ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸನ್ನು ತಬ್ಬಿಕೊಂಡು ಅತ್ತರು.

ಹನ್ನೆರಡು ದಿನಗಳ ನಂತರ ಅವನಿಗೆ ಫೋನ್ ಬಂತು. ಅವನ ಮೂತ್ರದಲ್ಲಿ ನಿಷೇಧಿತ ಔಷಧಿ ಸಿಕ್ಕಿದೆಯಂತೆ. ಮೂತ್ರವನ್ನು ಎರಡು ಶೀಶೆಗಳಲ್ಲಿ ತುಂಬಿಟ್ಟಿರುತ್ತಾರೆ. ಎರಡನೆಯದರಲ್ಲೂ ಸಿಕ್ಕರೆ ಐವತ್ತು ಪಂದ್ಯ ಹೊರಗೆ. ಅದನ್ನು ಲಾಸ್ ಏಂಜಲೀಸ್‌ನ ಪ್ರಯೋಗಾಲಯದಲ್ಲಿ ಅವನ ಎದುರೇ ತೆರೆಯುವುದಿತ್ತು.

ಆ ದಿನ ಅಣ್ಣಾಸಾಹೇಬರೇ ಕಾರು ಓಡಿಸಿದರು. ಒಂದು ತಾಸಿನ ದಾರಿ ಸವೆದ ಮೇಲೆ ಕೇಳಿದರು.

"ವೀರೂ, ಖರೇ ಹೇಳು. ಏನರ ತಗೊಂಡೀಯೇನು?"

"ಇಲ್ಲಪ್ಪಾ."

"ಮತ್ತ ಇಷ್ಟ ದಿವಸ ಯಾಕ ಹೇಳಲಿಲ್ಲ?"

"ನೀವು ಕೇಳಲೇ ಇಲ್ಲಲ್ಲ."

ಅಣ್ಣಾಸಾಹೇಬರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೂಂ. ಕೇಳಾಕ ಅಂಜಿಕಿ ಆತು," ಎಂದರು.

ಪ್ರಯೋಗಾಲಯದಲ್ಲಿ ಎರಡನೆಯ ಶೀಶೆ ಮೇಜಿನ ಮೇಲೆ ಬಂತು. ಮೂತ್ರ ಕೊಟ್ಟ ದಿನ ಶೀಶೆಗಳ ಸಂಖ್ಯೆ ಬರೆದುಕೊಟ್ಟಿದ್ದ ಕಾಗದವನ್ನು ವೀರಣ್ಣ ತೆಗೆದು ಹೋಲಿಸಿದ. ಈ ಶೀಶೆಯ ಸಂಖ್ಯೆ ಸರಿಯಿತ್ತು, ಕೊನೆಯ ಅಂಕಿ ಏಳು. ಮೊದಲ ಶೀಶೆಯ ವರದಿಯಲ್ಲಿ ಮಾತ್ರ ಅದು ಒಂದು. ತೋರಿಸಿದ. ಪ್ರಯೋಗಾಲಯದ ಅಧಿಕಾರಿ ಎರಡು ಸಲ ಓದಿ, ಎದ್ದು ಒಳಗೆ ಹೋದಳು. ತಾಸಿನ ನಂತರ ಬಂದು ಕ್ಷಮೆ ಕೇಳಿದಳು: ಮೊದಲು ಪರೀಕ್ಷಿಸಿದ್ದು ಬೇರೆ ಯಾರದೋ ಶೀಶೆ. ಅವನದನ್ನು ಪರೀಕ್ಷಿಸಿದಾಗ ಏನೂ ಸಿಗಲಿಲ್ಲ. ಎರಡು ದಿನದಲ್ಲಿ ಅವನದು ತಪ್ಪಿಲ್ಲವೆಂಬ ಪತ್ರವೂ ಬಂತು.

ಅಂದು ಮರಳುವಾಗ ದಾರಿಯಲ್ಲಿ ಆರ್ಟೀಸಿಯಾದ ಭಾರತೀಯರ ಬೀದಿಯ ಮಿಠಾಯಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಅಣ್ಣಾಸಾಹೇಬರು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಕೂತರು. ಆಮೇಲೆ ಇಬ್ಬರೂ ನಿಂತುಕೊಂಡೇ ಜಿಲೇಬಿ ತಿಂದರು. ಅಣ್ಣಾಸಾಹೇಬರ ಮಧುಮೇಹದ ಮಾತು ಯಾರೂ ಎತ್ತಲಿಲ್ಲ.

ಮುಂದಿನ ವರ್ಷ ಎದುರಾಳಿ ತಂಡಗಳ ಚೆಂಡೆಸೆಯುವ ಪಿಚರ್‌ಗಳು ಅವನ ದೌರ್ಬಲ್ಯ ಕಂಡುಕೊಂಡರು: ನಿಧಾನವಾಗಿ ಬಾಗಿ ಬರುವ ಚೆಂಡು ಅವನಿಗೆ ಕಾಣುತ್ತಲೇ ಇರಲಿಲ್ಲ. ಜುಲೈನಲ್ಲಿ ತಂಡ ಕೈಬಿಟ್ಟಿತು. ಸುದ್ದಿ ಹೇಳಲು ಮನೆಗೆ ಫೋನ್ ಮಾಡಿದಾಗ ಅವನ ದನಿ ಹಗುರಾಗಿತ್ತು.

"ಅವ್ವಾ, ಆಟ ಮುಗೀತು. ನಾ ಆರಾಮ ಅದೀನಿ."

"ಮೊದಲ ಮನಿಗೆ ಬಾ," ಎಂದರು ಗುರುಶಾಂತವ್ವ. "ಉಳಿದದ್ದು ಉಂಡ ಮ್ಯಾಲ ಮಾತಾಡೋಣು."