ರೇಣುಕಾಳ ತ್ರಿಕೋನ

“ವೈನಿ, ಪೆನ್ನು ಕೊಡ್ರಿ ಇಲ್ಲಿ!”

ಹೋದ ತಿಂಗಳು ನನಗೆ ಹೀಗೆ ಗದರಿದವಳು ನನ್ನ ನಾದಿನಿ ರೇಣುಕಾ. ಅದೂ ನನ್ನ ಮನೆಯಲ್ಲಿ, ನನ್ನದೇ ಪೆನ್ನಿಗೆ! ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಒಂದು ದಿನವೂ ನನ್ನೆದುರು ದನಿ ಎತ್ತಿದವಳಲ್ಲ. ಸಿಟ್ಟು ಬರಬೇಕಿತ್ತು ಅಲ್ಲವೇ? ಬಂತು. ಆದರೆ ನಿಲ್ಲಲಿಲ್ಲ.

ರೇಣುಕಾ ಹನುಮಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಸಹಾಯಕಿ. ಅಡುಗೆ ಮಾಡುವುದು, ಕಸ ಹೊಡೆಯುವುದು, ಅಳುವ ಮಕ್ಕಳ ಮೂಗು ಒರೆಸುವುದು ಎಲ್ಲ ಅವಳದೇ. ಅಲ್ಲಿನ ಟೀಚರ್ ಬೇಗನೆ ರಿಟೈರ್ ಆಗಲಿದ್ದಾರೆ. ಆ ಜಾಗಕ್ಕೆ ಇವಳು ಬಡ್ತಿ ಕೇಳಬೇಕೆಂದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಎಲ್ಲ ವಿಷಯದಲ್ಲೂ ಪಾಸಾಗಿದ್ದಾಳೆ, ಒಂದು ಬಿಟ್ಟು. ಯಾವುದು ಅಂತ ಬೇರೆ ಹೇಳಬೇಕೇ?

(ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಬಹುಶಃ ಈಗ ಪೇಪರ್ ಹಿಡಿದು ಕೂತವರೇ.)

ಹೋದ ಸಲ ಪರೀಕ್ಷೆ ಕಟ್ಟಿದಾಗ ಅವಳ ಅಣ್ಣ, ಅಂದರೆ ನಮ್ಮ ಮನೆಯವರು, ಒಂದು ಉಪಾಯ ಹೇಳಿಕೊಟ್ಟಿದ್ದರು. “ಲೆಕ್ಕದ ತಂಟೆಕ ಹೋಗಬ್ಯಾಡ. ಪ್ರಮೇಯ ಬಾಯಿಪಾಠ ಹೊಡಿ, ಸಾಕು.” ಹೊಡೆದಳು. ರೊಟ್ಟಿ ಬಡಿಯುತ್ತಾ ಪೈಥಾಗೊರಸ್ ಪ್ರಮೇಯ ಒಪ್ಪಿಸುತ್ತಿದ್ದಳಂತೆ. ತ್ರಿಕೋನ ಎ, ಬಿ, ಸಿ. ಲಂಬಕೋನ ಬಿ. ಒಂದಕ್ಷರ ತಪ್ಪುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಪ್ರಮೇಯ ಬಂತು. ಆದರೆ ತ್ರಿಕೋನ ಪಿ, ಕ್ಯೂ, ಆರ್!

“ಇದು ನನ್ನ ತ್ರಿಕೋನ ಅಲ್ಲ ಅನಿಸಿಬಿಡ್ತ್ರಿ ವೈನಿ. ಪೇಪರ್ ಕೊಟ್ಟು ಎದ್ದು ಬಂದೆ. ನನಗ ಲೆಕ್ಕ ಆಗಿಬರೂದಿಲ್ರಿ, ನನ್ನ ತಲೀನ ಅಷ್ಟು.”

ನಾನು ನಕ್ಕುಬಿಟ್ಟೆ. ಆಮೇಲೆ ಅವಳ ಮುಖ ನೋಡಿ ಪಾಪ ಅನಿಸಿತು. ಈ ಸಲ ಪರೀಕ್ಷೆಗೆ ಮುಂಚೆ ರಜೆ ಹಾಕಿ ಕುಷ್ಟಗಿಗೆ, ನಮ್ಮ ಮನೆಗೇ ಬಾ ಅಂದೆ. ನಾನು ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು. (ಆ ಜಂಬ ಇನ್ನೂ ಇದೆ.)

ನನ್ನ ಪಾಠ ಹೇಗಿತ್ತು ಗೊತ್ತೇ? ಅವಳು ಲೆಕ್ಕ ನೋಡಿ ಸ್ವಲ್ಪ ಯೋಚಿಸುವಳು. ನನಗೆ ತಡೆಯದು. ಪೆನ್ನು ಕಿತ್ತುಕೊಂಡು ಚಕಚಕನೆ ಬಿಡಿಸುವೆ. “ತಿಳೀತೇನ?” “ಹೂಂನ್ರಿ.” ಮರುದಿನ ಅದೇ ಲೆಕ್ಕ ಕೊಟ್ಟರೆ ಮತ್ತೆ ಪಿಳಿಪಿಳಿ ಕಣ್ಣು.

ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಸಿಡಿದದ್ದು.

“ವೈನಿ, ಪೆನ್ನು ಕೊಡ್ರಿ ಇಲ್ಲಿ! ನೀವ ಬಿಡಸಿದ್ರ ನೀವ ಪಾಸ್ ಆಗ್ತೀರಿ. ನಿಮ್ಮದು ಎಂದೋ ಆಗೇತಿ. ನನಗ ತಪ್ಪರ ಮಾಡಾಕ ಬಿಡ್ರಿ!”

ಹೇಳಿದ ಮೇಲೆ ತಾನೇ ಹೆದರಿದಳು, ಕಣ್ಣಲ್ಲಿ ನೀರು. ನಾನು ಪೆನ್ನು ಕೊಟ್ಟು ಅಡುಗೆಮನೆಗೆ ಹೋಗಿ ಮೆಂತೆ ಪಲ್ಲೆ ಸೋಸುತ್ತಾ ಕುಳಿತೆ. ಸುಮ್ಮನಿರುವುದು ಎಂಥ ಕಷ್ಟ! ಅವಳು ಬರೆಯುವುದು, ಹೊಡೆದು ಹಾಕುವುದು, ಹಾಳೆ ತಿರುವುವುದು ಎಲ್ಲ ಕೇಳುತ್ತದೆ. ನಾಲಿಗೆ ತುರಿಸುತ್ತದೆ. ತುಟಿ ಕಚ್ಚಿಕೊಂಡೆ.

ಮಧ್ಯಾಹ್ನ ಕರೆದಳು. ಹೋಗಿ ನೋಡಿದರೆ ತ್ರಿಕೋನದ ಮೂರು ಮೂಲೆಗೂ ಹೆಸರು ಬರೆದಿದ್ದಾಳೆ. ಗಂಗಿ, ರಜಿಯಾ, ಹನುಮ!

“ಇವರ‍್ಯಾರ?”

“ನಮ್ಮ ಅಂಗನವಾಡಿ ಹುಡುಗ್ರರಿ. ಲಂಬಕೋನದಾಗ ಗಂಗಿನ್ನ ಕುಂದ್ರಿಸೀನಿ. ಆಕಿ ಎದುರಿಗಿರೂ ಗೆರಿ ಎಲ್ಲಾಕ್ಕಿಂತ ಉದ್ದ. ಹೌದಲ್ರಿ? ನಾಳಿ ಗಂಗಿ ಬರಲಿಲ್ಲಂದ್ರ ಅಲ್ಲಿ ರಜಿಯಾ ಕುಂದರ್ತಾಳ. ಗೆರಿ ಏನು ಸಣ್ಣದಾಗ್ತೈತೇನ್ರಿ?”

ಇಲ್ಲ, ಖಂಡಿತ ಆಗುವುದಿಲ್ಲ! ಅವಳ ಗಲ್ಲ ಹಿಂಡಿದೆ. ಸಂಜೆ ಮನೆಯವರು ಹಾಳೆ ನೋಡಿ ಗಾಬರಿಯಾದರು. “ಪರೀಕ್ಷೆದಾಗ ಗಂಗಿ, ರಜಿಯಾ ಅಂತ ಬರದ್ರ ಮಾರ್ಕ್ಸ್ ಕೊಡ್ತಾರೇನ?”

“ಅಲ್ಲಿ ಅವರು ಕೊಟ್ಟ ಹೆಸರ ಬರೀತೀನಿ ಅಣ್ಣಾ. ನೀ ಸುಮ್ಮನಿರು.”

ಎಲ್ಲವೂ ಹೀಗೆ ಸಲೀಸಾಗಿ ಹೋಯಿತು ಅಂದುಕೊಳ್ಳಬೇಡಿ. ವರ್ಗಸಮೀಕರಣ ಅವಳ ಜೀವ ಹಿಂಡಿತು. ಒಂದು ದಿನ ಬ್ಯಾಗ್ ತುಂಬಿಕೊಂಡು ಊರಿಗೆ ಹೊರಟೇಬಿಟ್ಟಿದ್ದಳು. ಚಹಾ ಕುಡಿದು ಹೋಗು ಅಂದೆ. ಚಹಾ ಆರುವಷ್ಟರಲ್ಲಿ ಅದೇ ಲೆಕ್ಕದ ಮುಂದೆ ಕೂತಿದ್ದಳು.

ನನಗೆ ಒಂದು ಮಾತು ಕೇಳಬೇಕಿದೆ. ನಮ್ಮ ಕಡೆ ಯಾವ ಹುಡುಗಿ ಬಡಿದ ಮೊದಲ ಜೋಳದ ರೊಟ್ಟಿ ದುಂಡಗಿತ್ತು? ಹರಿಯಿತು, ಸೀದಿತು, ಹಂಚಿಗೆ ಅಂಟಿತು. ಆಗ ಯಾರಾದರೂ “ನಿನ್ನ ಕೈಗೆ ರೊಟ್ಟಿ ಆಗಿಬರೂದಿಲ್ಲ, ಬಿಡವ್ವಾ” ಅಂದರೇ? ದುಂಡಗಾಗುವ ತನಕ ಬಡಿಯಲು ಹಚ್ಚಿದರು. ಲೆಕ್ಕ ಒಂದು ಸಲ ತಪ್ಪಿದರೆ ಮಾತ್ರ ಮನೆಮಂದಿಯೆಲ್ಲ ಎಷ್ಟು ಪ್ರೀತಿಯಿಂದ ಬಿಡು ಅನ್ನುತ್ತೇವೆ ನೋಡಿ!

ಹೋದ ವಾರ ಪರೀಕ್ಷೆ ಮುಗಿಯಿತು. ನಾನು ಗೇಟಿನ ಹತ್ತಿರ ಕಾಯುತ್ತಿದ್ದೆ; ಎಲ್ಲರೂ ಹೊರಗೆ ಬಂದ ಮೇಲೆ ಕೊನೆಗೆ ಬಂದಳು. “ಪ್ರಮೇಯ ಬರದೀನ್ರಿ. ಪಾಸಾಗೂದು ಗೊತ್ತಿಲ್ಲ. ಇದೊಂದು ಲೆಕ್ಕ ಅರ್ಧಕ್ಕ ನಿಂತೈತಿ,” ಅಂತ ಪ್ರಶ್ನೆಪತ್ರಿಕೆ ತೋರಿಸಿದಳು. ಬಸ್ ಸ್ಟ್ಯಾಂಡಿಗೆ ಬಂದವಳೇ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆಪತ್ರಿಕೆಯ ಖಾಲಿ ಜಾಗದಲ್ಲೇ ಬರೆಯತೊಡಗಿದಳು.

ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. “ಹೇಳಲೇನ?” ಅಂದೆ.

“ಬಾಯಿ ಬಿಟ್ಟೀರಿ ಮತ್ತ!”

ಹನುಮಸಾಗರದ ಬಸ್ ಬಂತು. ಜನ ನುಗ್ಗಿದರು. ಕಂಡಕ್ಟರ್ ಕೂಗಿದ. ನಾನು ಅವಳ ಭುಜ ಅಲುಗಿಸಿದೆ.

“ಹೋಗ್ಲಿ ಬಿಡ್ರಿ ವೈನಿ, ಇನ್ನೊಂದು ಬರ್ತೈತಿ.” ತಲೆ ಎತ್ತಲಿಲ್ಲ.

ರಿಸಲ್ಟ್ ಇನ್ನೂ ಬರಬೇಕು. ಆದರೆ ಪರೀಕ್ಷೆ ಮುಗಿದ ಮೇಲೂ ಒಂದು ಲೆಕ್ಕಕ್ಕಾಗಿ ಊರಿನ ಬಸ್ಸು ತಪ್ಪಿಸಿಕೊಂಡ ಹೆಣ್ಣುಮಗಳನ್ನು ಫೇಲ್ ಅನ್ನಲು ಯಾರಿಗೆ ಮನಸ್ಸು ಬಂದೀತು, ನೀವೇ ಹೇಳಿ?